ಏಳನೇ ತರಗತಿ ಮುಗಿಸಿದ ಹುಡುಗರು ಎಂಟಕ್ಕೆ ನಿಲ್ತಿಲ್ಲ, ನಿಮ್ಮ ಕಡೆ ಹೇಗಿದೆ?

ಕೃಷ್ಣಾತೀರದ ಮೇಷ್ಟ್ರು

ಜಮಖಂಡಿ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಸುತ್ತಲಿನ ಊರುಗಳ ಮಕ್ಕಳು ಅಲ್ಲೇ ಏಳನೇ ತರಗತಿ ಮುಗಿಸಿ ನಮ್ಮಲ್ಲಿ ಎಂಟಕ್ಕೆ ಸೇರುತ್ತಾರೆ. ಜೂನ್‌ನಲ್ಲಿ ದಾಖಲಾತಿ ನೋಡಿದರೆ ಹುಡುಗರು, ಹುಡುಗಿಯರು ಹೆಚ್ಚುಕಡಿಮೆ ಸರಿಸಮ. ದೀಪಾವಳಿ ಕಳೆದ ಮೇಲೆ ಹುಡುಗರ ಕಡೆ ಹಿಂದಿನ ಬೆಂಚುಗಳು ಖಾಲಿ. ಹಾಜರಿ ಕೂಗಿದರೆ ಪಕ್ಕದವನು "ಸರ್, ಅವ ಗ್ಯಾಂಗಿಗೆ ಹೋಗ್ಯಾನ್ರಿ" ಅಂತಾನೆ, ಅಂದರೆ ಕಬ್ಬು ಕಡಿಯುವ ಗ್ಯಾಂಗಿಗೆ. ಇನ್ನೊಬ್ಬ ಗೋವಾದಲ್ಲಿ ಅಣ್ಣನ ಹತ್ತಿರ. ಮತ್ತೊಬ್ಬ ಮುಧೋಳದ ಗ್ಯಾರೇಜಿನಲ್ಲಿ.

ನನ್ನ ತಲೆ ಕೊರೆಯುತ್ತಿರುವ ಸಂಗತಿ ಬೇರೆ. ಒಂದು ಹುಡುಗಿ ಒಂದು ವಾರ ಬರದಿದ್ದರೆ ಊರೇ ಎಚ್ಚರಾಗುತ್ತದೆ. ಎಲ್ಲಾದರೂ ಮದುವೆ ಮಾಡಿಬಿಟ್ಟರಾ ಅಂತ ಅಂಗನವಾಡಿ ಅಕ್ಕನಿಂದ ಹಿಡಿದು ಪಿಡಿಒವರೆಗೆ ಫೋನು ಹೋಗುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವವರೂ ಇದ್ದಾರೆ. ಆಗಲೇಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಹುಡುಗ ಒಂದು ತಿಂಗಳು ಬರದಿದ್ದರೂ "ದುಡಿಯೋಕೆ ಹೋಗ್ಯಾನ ಬಿಡ್ರಿ" ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ಅವನಿಗೂ ಹದಿಮೂರೇ ವರ್ಷ ಅಲ್ವಾ?

ಬಾಗಲಕೋಟೆ, ವಿಜಯಪುರ, ಬೆಳಗಾವಿ, ನಮ್ಮ ಮೂರೂ ಜಿಲ್ಲೆಯವರು ಹೇಳಿ. ನಿಮ್ಮ ಊರಿನಲ್ಲಿ ಈ ಹುಡುಗರು ಎಲ್ಲಿಗೆ ಹೋಗುತ್ತಾರೆ? ವಾಪಸ್ ಬಂದವರು ಯಾರಾದರೂ ಇದ್ದಾರಾ?

ಇಂಡಿ ಲಿಂಬಿ

ಸರ್, ಎಲ್ಲಾ ಖಾಲಿ ಬೆಂಚನ್ನೂ ಗ್ಯಾಂಗಿನ ತಲೆಗೆ ಕಟ್ಟಬೇಡಿ. ನಮ್ಮ ಕಡೆ ಒಂದು ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಮಗಳು ಸರ್ಕಾರಿ ಶಾಲೆಗೆ, ಮಗ ಕಾನ್ವೆಂಟಿಗೆ. ಬೆಳಿಗ್ಗೆ ಹಳದಿ ವ್ಯಾನು ಬಂದಾಗ ಯಾರು ಹತ್ತುತ್ತಾರೆ ನೋಡಿ, ಗೊತ್ತಾಗುತ್ತದೆ. ಸರ್ಕಾರಿ ಶಾಲೆಯಲ್ಲಿ ಹುಡುಗರು ಕಡಿಮೆ ಕಂಡರೆ ಅರ್ಧ ಕಾರಣ ಅದು.

ವಿಜಯಪುರದಲ್ಲಿ ಇನ್ನೊಂದು ಆಟ ಇದೆ. ಸೈನಿಕ ಶಾಲೆ, ನವೋದಯ, ಮೊರಾರ್ಜಿ ವಸತಿ ಶಾಲೆ ಪರೀಕ್ಷೆಗೆ ಅಂತ ಹುಡುಗನನ್ನು ಕೋಚಿಂಗಿಗೆ ಹಾಕುತ್ತಾರೆ. ಹೆಸರು ಊರ ಶಾಲೆಯಲ್ಲಿ, ಹುಡುಗ ಸಿಟಿಯ ರೂಮಿನಲ್ಲಿ. ಅವನು ಶಾಲೆ ಬಿಟ್ಟವನೂ ಅಲ್ಲ, ಶಾಲೆಗೆ ಬರುವವನೂ ಅಲ್ಲ. ಸೀಟು ಸಿಗದೆ ವಾಪಸ್ ಬಂದ ಮೇಲೆ ಊರ ಶಾಲೆಯಲ್ಲಿ ಕೂರೋಕೆ ನಾಚಿಕೆ. ನಮ್ಮ ಓಣಿಯಲ್ಲೇ ಅಂಥವನೊಬ್ಬ ಈಗ ಲಿಂಬಿ ಮಾರ್ಕೆಟಿನಲ್ಲಿ ಚೀಲ ಹೊಲಿಯುತ್ತಾನೆ.

ಪಟ್ಟಿ ಓದುವವ

ಮೇಷ್ಟ್ರೇ, ಜೂನ್‌ನಲ್ಲಿ ಸರಿಸಮ ಅಂದಿರಲ್ಲ, ಅಲ್ಲೇ ಇದೆ ನೋಡಿ ವಿಷಯ. ನಾನು ಕೆಲವು ವರ್ಷ ಬ್ಲಾಕ್ ಮಟ್ಟದಲ್ಲಿ ಈ ಅಂಕಿಗಳನ್ನು ತುಂಬುವ ಕೆಲಸ ಮಾಡಿದ್ದೇನೆ.

ದಾಖಲಾತಿ ಪ್ರಮಾಣ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದರಲ್ಲಿ ಎರಡು ಥರ. ಒಟ್ಟು ದಾಖಲಾತಿ ಅಂದರೆ 6ರಿಂದ 8ನೇ ತರಗತಿಯಲ್ಲಿ ಹೆಸರಿರುವ ಎಲ್ಲರನ್ನೂ, ವಯಸ್ಸು ಎಷ್ಟೇ ಇರಲಿ, ಎಣಿಸಿ 11ರಿಂದ 13 ವರ್ಷದ ಮಕ್ಕಳ ಸಂಖ್ಯೆಯಿಂದ ಭಾಗಿಸುವುದು. ನಿವ್ವಳ ದಾಖಲಾತಿ ಅಂದರೆ ಸರಿಯಾದ ವಯಸ್ಸಿನವರನ್ನು ಮಾತ್ರ ಎಣಿಸುವುದು. ಒಂದು ಊರಿನಲ್ಲಿ ಆ ವಯಸ್ಸಿನ 100 ಹುಡುಗರಿದ್ದಾರೆ ಅನ್ನಿ. ಅದರಲ್ಲಿ 85 ಜನ ದಾಖಲಾಗಿದ್ದಾರೆ. ಜೊತೆಗೆ ತಡವಾಗಿ ಶಾಲೆಗೆ ಸೇರಿದ, ಹದಿನಾಲ್ಕು ಹದಿನೈದು ವರ್ಷದ 17 ಹುಡುಗರು ಅದೇ ತರಗತಿಗಳಲ್ಲಿದ್ದಾರೆ. ಒಟ್ಟು ದಾಖಲಾತಿ 102 ಆಯಿತು! ವರದಿಯಲ್ಲಿ "ನೂರಕ್ಕೂ ಮೇಲೆ" ಅಂತ ಬರುತ್ತದೆ. ಹೊರಗುಳಿದ 15 ಜನ ಆ ಅಂಕಿಯಲ್ಲಿ ಕಾಣುವುದೇ ಇಲ್ಲ.

ಇನ್ನು ಎರಡೂ ಲೆಕ್ಕದಲ್ಲಿ ಹಾಜರಿ ಇಲ್ಲ. ಸ್ಯಾಟ್ಸ್‌ನಲ್ಲಿ (ಮಕ್ಕಳ ದಾಖಲೆ ಇಡುವ ಸರ್ಕಾರಿ ಆನ್‌ಲೈನ್ ಪಟ್ಟಿ) ಹುಡುಗನಿಗೆ ಒಂದು ನಂಬರ್ ಇದೆ, ಅಲ್ಲಿಗೆ ಅವನು ಶಾಲೆಯಲ್ಲಿ ಇದ್ದಾನೆ. ಭಾಗಿಸುವ ಜನಸಂಖ್ಯೆಯಾದರೂ ಸರಿ ಇದೆಯಾ? ಅದು 2011ರ ಜನಗಣತಿ ಇಟ್ಟುಕೊಂಡು ಮಾಡಿದ ಅಂದಾಜು. ವರ್ಷಕ್ಕೆ ಆರು ತಿಂಗಳು ಅರ್ಧ ತಾಂಡಾ ಖಾಲಿಯಾಗುವ ನಮ್ಮ ಜಿಲ್ಲೆಗಳಲ್ಲಿ ಆ ಅಂದಾಜಿಗೆ ಎಷ್ಟು ಬೆಲೆ ಅಂತ ನೀವೇ ಹೇಳಿ.

ಹೆಸರು ತೆಗೆಯುವುದು ಹೆಡ್‌ಮಾಸ್ಟರಿಗೂ ಬೇಕಿಲ್ಲ. ಮಕ್ಕಳ ಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆ ಹೋಗುತ್ತದೆ. ಹೆಸರು ಉಳಿದರೆ ಎಲ್ಲರಿಗೂ ಒಳ್ಳೆಯದು, ಆ ಹುಡುಗನೊಬ್ಬನನ್ನು ಬಿಟ್ಟು.

ಜೋಳದ ರೊಟ್ಟಿ

ಕೊನೆ ಸಾಲು ಕಟುವಾಯಿತು ಆದರೂ ನಿಜ.

ತಾಂಡಾದವ

ನಾನು ವಾಪಸ್ ಬಂದವನು. ಮೇಷ್ಟ್ರು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ.

ವಿಜಯಪುರ ಜಿಲ್ಲೆಯ ಒಂದು ತಾಂಡಾ ನಮ್ಮದು. ಅಪ್ಪ ಅವ್ವ ಸಾಂಗ್ಲಿ, ಕೊಲ್ಲಾಪುರ ಕಡೆಯ ಫ್ಯಾಕ್ಟರಿಗಳಿಗೆ ಕಬ್ಬು ಕಡಿಯೋಕೆ ಹೋಗುತ್ತಿದ್ದರು. ಮಳೆಗಾಲದಲ್ಲೇ ಮುಕಾದಮ, ಅಂದರೆ ಕೂಲಿಯವರನ್ನು ಕರೆದೊಯ್ಯುವ ಗುತ್ತಿಗೆದಾರ, ಬಂದು ಮುಂಗಡ ಕೊಟ್ಟು ಹೋಗುತ್ತಿದ್ದ. ಅದು ಅಕ್ಕನ ಮದುವೆಗೋ, ಹಳೆ ಸಾಲಕ್ಕೋ ಆಗಲೇ ಖರ್ಚಾಗಿರುತ್ತಿತ್ತು. ದಸರಾ ಮುಗಿಯಿತು ಅಂದರೆ ಲಾರಿ ಬಂದು ನಿಲ್ಲುತ್ತಿತ್ತು. ಪಾತ್ರೆ, ಹಾಸಿಗೆ, ಆಡು, ಕೋಳಿ ಎಲ್ಲಾ ಅದರಲ್ಲೇ.

ಗಂಡ ಹೆಂಡತಿ ಸೇರಿದರೆ ಒಂದು ಕೊಯ್ತಾ ಅಂತ ಲೆಕ್ಕ. ಕೂಲಿ ಟನ್ನಿಗೆ ಇಷ್ಟು ಅಂತ. ಮುಕಾದಮನ ಪುಸ್ತಕದಲ್ಲಿ ನನ್ನ ಹೆಸರು ಯಾವತ್ತೂ ಇರಲಿಲ್ಲ. ಅಪ್ಪ ಬುಡಕ್ಕೆ ಕಡಿಯುತ್ತಿದ್ದ, ಅವ್ವ ರವದಿ (ಕಬ್ಬಿನ ಒಣಗರಿ) ಸುಲಿದು ಕಟ್ಟು ಕಟ್ಟುತ್ತಿದ್ದಳು. ನಾನು ಕಟ್ಟು ತಲೆ ಮೇಲೆ ಹೊತ್ತು ಹಲಗೆ ಮೇಲೆ ನಡೆದು ಟ್ರೇಲರಿಗೆ ಏರಿಸುತ್ತಿದ್ದೆ. ಹಲಗೆ ಇಬ್ಬನಿಗೆ ಜಾರುತ್ತದೆ. ಟ್ರಾಕ್ಟರ್ ರಾತ್ರಿ ಎರಡಕ್ಕೆ ಬಂದರೂ ಏಳಬೇಕು, ಯಾಕೆಂದರೆ ಕಡಿದ ಕಬ್ಬು ಒಣಗಿದರೆ ತೂಕ ಹೋಗುತ್ತದೆ. ನಾನು ಹೊತ್ತದ್ದು ಅವರಿಬ್ಬರ ಟನ್ನಿನಲ್ಲಿ ಸೇರುತ್ತಿತ್ತು. ಹಾಗಾಗಿ ಬಾಲಕಾರ್ಮಿಕ ಯಾರು ಅಂತ ಕೇಳಿದರೆ ಯಾರೂ ಇಲ್ಲ. ಅಪ್ಪ ಅವ್ವನ ಜೊತೆ ಬಂದ ಹುಡುಗ, ಅಷ್ಟೇ.

ಆದರೆ ನನ್ನ ತಂಗಿಯನ್ನು ಅಜ್ಜಿ ಹತ್ತಿರ ಬಿಟ್ಟು ಹೋಗುತ್ತಿದ್ದರು. ಪ್ರೀತಿ ಜಾಸ್ತಿ ಅಂತ ಅಲ್ಲ. ಬೆಳೆಯುತ್ತಿರುವ ಹುಡುಗಿ, ಗುಡಿಸಲಿಗೆ ಬಾಗಿಲಿಲ್ಲ, ಭಯ. ಆ ಭಯದಿಂದ ಅವಳು ಎಂಟನೇ ತರಗತಿ ಓದಿದಳು, ನಾನು ಓದಲಿಲ್ಲ. (ಅವಳಿಗೆ ಹತ್ತು ಮುಗಿಯುವಷ್ಟರಲ್ಲಿ ಮದುವೆ ಮಾತು ಶುರುವಾಯಿತು, ಅದು ಬೇರೆ ಕಥೆ. ಹುಡುಗಿಯರೇನೋ ಗೆದ್ದುಬಿಟ್ಟರು ಅಂತ ಯಾರೂ ಅಂದುಕೊಳ್ಳಬೇಡಿ.)

ಮಾರ್ಚ್ ಕೊನೆಗೆ ಊರಿಗೆ ಬಂದರೆ ಪರೀಕ್ಷೆ ಹೊತ್ತು. ಪಾಸು ಮಾಡುತ್ತಿದ್ದರು. ಹಾಗೆ ಏಳರ ತನಕ ಬಂದೆ. ಹೈಸ್ಕೂಲಿನಲ್ಲಿ ಕೂತ ಮೊದಲ ವಾರ ಬೋರ್ಡಿನ ಮೇಲೆ ಬರೆದದ್ದನ್ನು ಅಕ್ಷರ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಅಳಿಸಿಬಿಡುತ್ತಿದ್ದರು. ಅಲ್ಲಿಂದ ಎದ್ದು ಹೋಗೋಕೆ ಗ್ಯಾಂಗ್ ಒಂದು ನೆಪ ಆಯಿತು ಅಷ್ಟೆ. ನನ್ನನ್ನು ಕೇಳಿದರೆ ಕಬ್ಬಿನ ಗದ್ದೆ ಆಗ ಸುಲಭ ಅನ್ನಿಸಿತ್ತು.

ನಾಲ್ಕಾರು ವರ್ಷ ಆದ ಮೇಲೆ ಖಾಸಗಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟಿ ಪಾಸಾದೆ. ಈಗ ಲೈನ್‌ಮ್ಯಾನ್.

ಕೃಷ್ಣಾತೀರದ ಮೇಷ್ಟ್ರು

@ತಾಂಡಾದವ, ಬೋರ್ಡು ಅಳಿಸುವ ವಿಷಯ ಓದಿ ಸುಮ್ನೆ ಕೂತುಬಿಟ್ಟೆ. ನಾಳೆಯಿಂದ ನಾನೂ ನಿಧಾನ ಮಾಡುತ್ತೇನೆ ಅಂತ ಹೇಳೋದು ಸುಲಭ. ಪೋರ್ಶನ್ ಮುಗಿಸದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ನೋಟಿಸು ಬರುತ್ತದೆ. ಆದರೂ ಎಂಟಕ್ಕೆ ಬಂದವರಲ್ಲಿ ಓದೋಕೆ ಬಾರದವರು ಹುಡುಗರೇ ಜಾಸ್ತಿ ಅನ್ನೋದು ನಮ್ಮ ಶಾಲೆಯಲ್ಲೂ ನಿಜ. ಹತ್ತರ ಫಲಿತಾಂಶದಲ್ಲಿ ಅದೇ ಕಾಣುತ್ತದೆ. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯದಲ್ಲಿ ಹುಡುಗಿಯರು ಶೇ. 81.11, ಹುಡುಗರು ಶೇ. 65.90. ಆ ವರ್ಷ 625ಕ್ಕೆ 625 ತೆಗೆದು ರಾಜ್ಯಕ್ಕೆ ಮೊದಲು ಬಂದವಳೂ ನಮ್ಮ ಮುಧೋಳ ತಾಲೂಕಿನ ಮೊರಾರ್ಜಿ ಶಾಲೆಯ ಹುಡುಗಿ.

ಉದ್ಯಮಬಾಗ ಫಿಟ್ಟರ್

ಬೆಳಗಾವಿಯಿಂದ. ಎಲ್ಲರೂ ಅಳುತ್ತಿದ್ದೀರಿ, ಒಂದು ಉಲ್ಟಾ ಮಾತು ಹೇಳಲಾ?

ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟೆ. ಫೌಂಡ್ರಿಯಲ್ಲಿ ಹೆಲ್ಪರ್ ಆಗಿ ಸೇರಿ ಲೇತ್ ಕಲಿತೆ. ಈಗ ನನ್ನ ಶೆಡ್ಡಿನಲ್ಲಿ ಎರಡು ಮಷೀನ್ ಇವೆ. ನನ್ನ ಜೊತೆ ಶಾಲೆಯಲ್ಲಿದ್ದು ಬಿಎ ಮಾಡಿದವ ಇವತ್ತು ಫೈನಾನ್ಸ್ ಕಂಪನಿಯ ಕಂತು ವಸೂಲಿಗೆ ಅಲೆಯುತ್ತಾನೆ. ಹುಡುಗರಿಗೆ ಇದು ಕಾಣುತ್ತದೆ. ಅವರೇನು ದಡ್ಡರಲ್ಲ. ಹತ್ತು ವರ್ಷ ಓದಿದರೆ ಏನು ಸಿಗುತ್ತದೆ, ಈಗ ಹೋದರೆ ಏನು ಸಿಗುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಶಾಲೆ ಆ ಲೆಕ್ಕದಲ್ಲಿ ಸೋಲುತ್ತಿದೆ. ಶಾಲೆಗೆ ಬೈಯಿರಿ, ಹುಡುಗನಿಗಲ್ಲ.

ಪಟ್ಟಿ ಓದುವವ

@ಫಿಟ್ಟರ್, ಶೆಡ್ಡು ಹಾಕಿದವ ಇಲ್ಲಿ ಬಂದು ಬರೆಯುತ್ತಾನೆ. ಹೆಲ್ಪರ್ ಆಗಿಯೇ ಉಳಿದವ ಬರೆಯೋಲ್ಲ. ನಿಮ್ಮ ಜೊತೆ ಸೇರಿದ ಹೆಲ್ಪರ್‌ಗಳಲ್ಲಿ ಎಷ್ಟು ಜನ ಲೇತ್ ಮುಟ್ಟಿದರು?

ಉದ್ಯಮಬಾಗ ಫಿಟ್ಟರ್

ಕಡಿಮೆ. ಒಪ್ಪುತ್ತೇನೆ. ಡ್ರಾಯಿಂಗ್ ಓದೋಕೆ ಬಂದವರು ಮೇಲೆ ಬಂದರು. ಹತ್ತನೇ ತರಗತಿ ಸರ್ಟಿಫಿಕೇಟ್ ಇಲ್ಲ ಅಂತ ನನಗೇ ಐಟಿಐ ಫಿಟ್ಟರ್ ಟ್ರೇಡು ಸಿಗಲಿಲ್ಲ, ಹೆಸರಿಗಷ್ಟೇ ಫಿಟ್ಟರ್. ಆದರೆ 14 ತುಂಬಿದ ಮೇಲೆ ಕೈ ಕೆಲಸ ಕಲಿಯೋದನ್ನು ತಪ್ಪು ಅಂತ ನೋಡಬೇಡಿ.

ಕೋರ್ಟ್ ಸರ್ಕಲ್

ಕಾನೂನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಲ್ಲಿ ಎಲ್ಲಾ ಕಲಸಿಹೋಗುತ್ತಿದೆ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. 6ರಿಂದ 14 ವರ್ಷದ ತನಕ, ಎಂಟನೇ ತರಗತಿ ಮುಗಿಯುವ ತನಕ ಅದರ ರಕ್ಷಣೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು. 14ರ ಒಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರವರು ಅಪಾಯದ ಕೆಲಸ ಮಾಡುವಂತಿಲ್ಲ. ಆದರೆ ಅದೇ ತಿದ್ದುಪಡಿಯಲ್ಲಿ ಒಂದು ಕಿಂಡಿ ಇದೆ. ಶಾಲೆ ಮುಗಿದ ಮೇಲೆ, ರಜೆಯಲ್ಲಿ, ಮನೆಯವರ ಉದ್ಯೋಗಕ್ಕೆ ನೆರವಾಗಬಹುದು.

ನೋಡಿ, ನಮ್ಮ ರಾಜ್ಯದಲ್ಲಿ ಹೈಸ್ಕೂಲು ಶುರುವಾಗುವುದೇ ಎಂಟರಿಂದ. ಕಾಯ್ದೆಯ ಕೊನೆ ವರ್ಷಕ್ಕೆ ಹುಡುಗ ಬೇರೆ ಶಾಲೆಗೆ, ಎಷ್ಟೋ ಸಲ ಬೇರೆ ಊರಿಗೆ ಹೋಗಬೇಕು. ಏಳು ಮುಗಿಸಿ ಟಿಸಿ ತೆಗೆದುಕೊಂಡು ಹೋದವನು ಎಲ್ಲೂ ಸೇರದಿದ್ದರೆ ಹಳೆ ಶಾಲೆ "ನಮ್ಮವನಲ್ಲ" ಅನ್ನುತ್ತದೆ, ಹೊಸ ಶಾಲೆಗೆ ಅವನು ಯಾರೆಂದೇ ಗೊತ್ತಿಲ್ಲ.

ಬನಹಟ್ಟಿ ಮಗ್ಗ

ಆ ಕಿಂಡಿಯಲ್ಲೇ ನಮ್ಮ ಓಣಿ ಪೂರ್ತಿ ತೂರುತ್ತದೆ. ರಬಕವಿ ಬನಹಟ್ಟಿಯಲ್ಲಿ ಪವರ್‌ಲೂಮ್ ಇರುವುದು ಮನೆಯೊಳಗೇ. ಹುಡುಗ ಕಂಡಿಕೆಗೆ (ನೂಲಿನ ಉರುಳೆ) ನೂಲು ಸುತ್ತುತ್ತಾನೆ, ಎಳೆ ಕಡಿದರೆ ಗಂಟು ಹಾಕುತ್ತಾನೆ. ಶಾಲೆ ಮುಗಿದ ಮೇಲೆ ಅಂತಾರೆ. ರಾತ್ರಿ ಹನ್ನೊಂದಕ್ಕೆ ಮಗ್ಗ ನಿಂತರೆ ಬೆಳಿಗ್ಗೆ ಯಾವ ಶಾಲೆ? ಎರಡನೇ ಪೀರಿಯಡ್‌ಗೆ ನಿದ್ದೆ. ಮೇಷ್ಟ್ರು ಹೊರಗೆ ನಿಲ್ಲಿಸುತ್ತಾರೆ. ಒಂದು ದಿನ ಹೊರಗೆ ನಿಂತವನು ಹಾಗೇ ಮನೆಗೆ ಬರುತ್ತಾನೆ.

ಆದರೆ ಒಂದು ಮಾತು. ನಮ್ಮ ಮನೆಗೆ ಬೇರೆ ದುಡಿಮೆ ಇಲ್ಲ. ಕಾನೂನಿನವರು ಬಂದು ಕಿಂಡಿ ಮುಚ್ಚಿದರೆ ಒಳಗಿರುವವರು ಏನು ತಿನ್ನಬೇಕು ಅಂತಲೂ ಬರೆಯಿರಿ.

ಸವದತ್ತಿ ಅಕ್ಕ

ಇಲ್ಲಿ ಎಲ್ಲಾ ಗಂಡಸರೇ ಬರೆಯುತ್ತಿದ್ದೀರಿ. ನಾನು ಒಂದು ಹುಡುಗ, ಒಂದು ಹುಡುಗಿ ಇರುವ ತಾಯಿ.

ನಮ್ಮೂರಿಂದ ಹೈಸ್ಕೂಲಿಗೆ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮಗಳಿಗೆ ಟಿಕೆಟ್ ಇಲ್ಲ. ಮಗನಿಗೆ ಏಳರ ತನಕ ಪಾಸು ಪುಕ್ಕಟೆ ಇತ್ತು, ಎಂಟಕ್ಕೆ ಬಂದ ಕೂಡಲೇ ದುಡ್ಡು ಕಟ್ಟಿ ಪಾಸು ಮಾಡಿಸಬೇಕು. ದೊಡ್ಡ ಮೊತ್ತ ಅಲ್ಲ. ಆದರೆ ಜೂನ್ ಅಂದರೆ ಬೀಜ, ಗೊಬ್ಬರ, ನೋಟ್‌ಬುಕ್ಕು ಎಲ್ಲಾ ಒಟ್ಟಿಗೆ ಬರುವ ತಿಂಗಳು. ಮೊದಲು ಎಂಟನೇ ತರಗತಿಗೆ ಸೈಕಲ್ ಕೊಡುತ್ತಿದ್ದರು, ಹುಡುಗರಿಗೂ. ಕೋವಿಡ್ ಬಂದಾಗ ನಿಂತದ್ದು ನಿಂತೇ ಹೋಯಿತು.

ಹಣಕ್ಕಿಂತ ಮುಖ್ಯ ಇನ್ನೊಂದಿದೆ. ಮಗಳು ಓದದಿದ್ದರೆ ನಾನು ಬೈಯುತ್ತೇನೆ. ಮಗ ಓದದಿದ್ದರೆ ಅವರಪ್ಪ "ಹೊಲ ಐತಲ್ಲ" ಅಂತಾನೆ. ಹೊಲ ಇರುವುದು ಒಂದೂವರೆ ಎಕರೆ, ಅದರಲ್ಲಿ ಅಣ್ಣತಮ್ಮಂದಿರ ಪಾಲು ಬೇರೆ. ಆದರೂ ಹುಡುಗನ ತಲೆಯಲ್ಲಿ "ನನಗೆ ಹೊಲ ಐತಿ" ಅನ್ನೋದು ಹೊಕ್ಕುಬಿಟ್ಟಿದೆ. ಮಗಳಿಗೆ ಹೊಲ ಇಲ್ಲ ಅಂತ ಅವಳಿಗೆ ಗೊತ್ತು. ಓದುತ್ತಾಳೆ.

ಹೊಸ ಪೈಲ್ವಾನ

ಎಲ್ಲಾದಕ್ಕೂ ಮೊಬೈಲೇ ಕಾರಣ. ರೀಲ್ಸ್ ನೋಡಿ ಹುಡುಗರು ಕೆಟ್ಟರು.

ಜೋಳದ ರೊಟ್ಟಿ

@ಪೈಲ್ವಾನ, ತಾಂಡಾದವರು ಕಬ್ಬು ಹೊತ್ತಾಗ ರೀಲ್ಸ್ ಎಲ್ಲಿತ್ತು?

ಹಿಂಡಿನ ಮನೆ

ಕುರಿಗಾರರನ್ನು ಯಾರೂ ನೆನೆಸಲಿಲ್ಲ. ರಾಯಬಾಗ, ಗೋಕಾಕ ಕಡೆಯಿಂದ ಹಿಂಡು ಹೊರಟರೆ ಮಳೆ, ಮೇವು ನೋಡಿಕೊಂಡು ತಿಂಗಳುಗಟ್ಟಲೆ ತಿರುಗುತ್ತದೆ. ರಾತ್ರಿ ರೈತರ ಹೊಲದಲ್ಲಿ ಕುರಿ ತರುಬುತ್ತೇವೆ, ಗೊಬ್ಬರಕ್ಕೆ ಕಾಳು ಇಲ್ಲವೇ ದುಡ್ಡು ಕೊಡುತ್ತಾರೆ. ಹಿಂಡಿಗೆ ಮುಂದೊಬ್ಬ ಹಿಂದೊಬ್ಬ ಬೇಕೇಬೇಕು. ಹಿಂದಿನವನು ಸಾಮಾನ್ಯವಾಗಿ ಹನ್ನೆರಡು ಹದಿಮೂರರ ಹುಡುಗ. ಕುಂಟುವ ಮರಿ ಹೆಗಲ ಮೇಲೆ ಹೊರುವವನೂ ಅವನೇ. ಗ್ಯಾಂಗಿನವರಾದರೂ ಒಂದು ಕಡೆ ಗುಡಿಸಲು ಹಾಕುತ್ತಾರೆ, ಅಲ್ಲಿ ಟೆಂಟ್ ಶಾಲೆ ಮಾಡಬಹುದು. ನಮಗೆ ಯಾವ ಊರಲ್ಲಿ ಮಾಡುತ್ತೀರಿ? ದಿನಾ ಊರು ಬೇರೆ.

ದೂರದ ಓದುಗ

@ಹಿಂಡಿನ ಮನೆ, ನೀವು ಹೇಳಿದ್ದು ಓದಿ ಲೆಸೊಥೊ ನೆನಪಾಯಿತು. ದಕ್ಷಿಣ ಆಫ್ರಿಕಾದ ಹೊಟ್ಟೆಯೊಳಗಿರುವ ಪುಟ್ಟ ಗುಡ್ಡಗಾಡು ದೇಶ. ಅಲ್ಲಿ ದನ, ಕುರಿ ಕಾಯುವುದು ಹುಡುಗರ ಕೆಲಸ. ತಮ್ಮ ಮನೆಯದಿಲ್ಲದಿದ್ದರೆ ಬೇರೆಯವರ ಹಿಂಡು ಕಾಯುತ್ತಾರೆ, ಕೂಲಿಯಾಗಿ ಕುರಿಯನ್ನೋ ಹಸುವನ್ನೋ ಪಡೆಯುತ್ತಾರೆ. ಹಾಗಾಗಿ ಅಲ್ಲಿ ಎಷ್ಟೋ ದಶಕಗಳಿಂದ ಶಾಲೆಯಲ್ಲಿ ಹುಡುಗಿಯರೇ ಹೆಚ್ಚು. 2000ದಿಂದ ವರ್ಷಕ್ಕೊಂದು ತರಗತಿಯಂತೆ ಪ್ರಾಥಮಿಕ ಶಿಕ್ಷಣ ಪುಕ್ಕಟೆ ಮಾಡಿದರು, 2010ರಲ್ಲಿ ಕಡ್ಡಾಯವನ್ನೂ ಮಾಡಿದರು. ಆದರೆ ಅದರ ಮೇಲಿನ ತರಗತಿಗಳಿಗೆ ಫೀ ಉಳಿಯಿತು. ಹುಡುಗರು ಸೋರಿಹೋಗುವ ಜಾಗ ಅಲ್ಲೂ ಅದೇ, ಪ್ರಾಥಮಿಕ ಮುಗಿದು ಮುಂದಿನ ಮೆಟ್ಟಿಲು. ಮಂಗೋಲಿಯಾದಲ್ಲಿ 1990ರ ನಂತರ ಸಾಮೂಹಿಕ ಹಿಂಡುಗಳನ್ನು ಮನೆಮನೆಗೆ ಹಂಚಿದಾಗಲೂ ಹೀಗೇ ಆಯಿತು. ಕಾಯೋಕೆ ಕೈ ಬೇಕಾಯಿತು, ಹುಡುಗರನ್ನು ಬಿಡಿಸಿದರು.

ಇನ್ನೊಂದು ಬಾಂಗ್ಲಾದೇಶದ್ದು. 1994ರಲ್ಲಿ ಹಳ್ಳಿ ಹುಡುಗಿಯರಿಗೆ 6ರಿಂದ 10ನೇ ತರಗತಿ ತನಕ ದೇಶದ ತುಂಬ ಸ್ಟೈಪೆಂಡ್ ಶುರು ಮಾಡಿದರು. ಶೇ. 75 ಹಾಜರಿ ಇರಬೇಕು, ಮದುವೆ ಆಗಿರಬಾರದು ಅಂತ ಷರತ್ತು. ಹುಡುಗಿಯರು ದಂಡಿಯಾಗಿ ಬಂದರು, ಕೆಲವೇ ವರ್ಷಗಳಲ್ಲಿ ಹುಡುಗರನ್ನು ದಾಟಿದರು. ಆಮೇಲೆ ಬಡ ಹುಡುಗರಿಗೂ ಸ್ಟೈಪೆಂಡ್ ಕೊಡಬೇಕಾಯಿತು. ಹುಡುಗಿಯರಿಗೆ ಕೊಟ್ಟದ್ದರಿಂದ ಹುಡುಗರು ಹಿಂದೆ ಬೀಳಲಿಲ್ಲ, ಅವರು ಇದ್ದಲ್ಲೇ ಇದ್ದರು. ನನಗೆ ಇದು ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ಇಲ್ಲಿ ಯಾರಾದರೂ ಈಗ "ಹಾಗಾದರೆ ಶಕ್ತಿ ನಿಲ್ಲಿಸಿ" ಅಂತ ಬಂದೇ ಬರುತ್ತಾರೆ.

ಯುನೆಸ್ಕೊ 2022ರಲ್ಲಿ ಹುಡುಗರ ಬಗ್ಗೆಯೇ ಒಂದು ವರದಿ ಮಾಡಿತ್ತು. ಜಗತ್ತಿನಲ್ಲಿ 13.2 ಕೋಟಿ ಹುಡುಗರು ಶಾಲೆಯ ಹೊರಗೆ ಅಂತ ಅದರ ಲೆಕ್ಕ. ಬಡತನ, ದುಡಿಮೆ, ಶಾಲೆಯಲ್ಲಿ ಹೊಡೆತ, ಇವೆಲ್ಲಾ ಕಾರಣಗಳೇ.

ಹೊಸ ಪೈಲ್ವಾನ

ಶಕ್ತಿ ನಿಲ್ಲಿಸಿ ಅಂತ ನಾನು ಬರೆಯೋಕೆ ಬಂದಿದ್ದೆ 😄 ಬಿಡಿ. ಆದರೆ ವಿಜಯಪುರದ ಬಸ್ಸಿನ ಮೇಲೆ ಕಲ್ಯಾಣ ಕರ್ನಾಟಕ ಅಂತ ಬರೆದಿದೆ, ಸಂವಿಧಾನದ 371ಜೆ ವಿಧಿಯ ವಿಶೇಷ ಸವಲತ್ತು ಮಾತ್ರ ನಮ್ಮ ಜಿಲ್ಲೆಗಿಲ್ಲ. ಇದಕ್ಕೆ ಯಾರು ಉತ್ತರ ಕೊಡ್ತೀರಿ?

ಇಂಡಿ ಲಿಂಬಿ

ಅದಕ್ಕೆ ಬೇರೆ ಚರ್ಚೆ ಶುರು ಮಾಡಪ್ಪಾ. ಇಲ್ಲೇ ಬೇಡ.

ಕೃಷ್ಣಾತೀರದ ಮೇಷ್ಟ್ರು

ಹಾಸ್ಟೆಲ್ ಬಗ್ಗೆ ಒಂದು ಮಾತು. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗಳಿಗೆ ಅರ್ಜಿ ಹಾಕುವುದು ಶಾಲೆ ಶುರುವಾಗುವ ಹೊತ್ತಿಗೆ. ಆಗ ಅಪ್ಪ ಅವ್ವ ಊರಲ್ಲೇ ಇರುತ್ತಾರೆ, ಮಗನನ್ನು ಬಿಡುವ ಮನಸ್ಸಿರುವುದಿಲ್ಲ. ಲಾರಿ ಬಂದಾಗ ಕೇಳಿದರೆ ಸೀಟಿಲ್ಲ. ಮೊರಾರ್ಜಿಗೆ ಸೇರಬೇಕಂದರೆ ಐದನೇ ತರಗತಿಯಲ್ಲೇ ಪರೀಕ್ಷೆ ಬರೆದಿರಬೇಕು. ಕಸ್ತೂರಬಾ ಶಾಲೆ ಹುಡುಗಿಯರಿಗೆ ಮಾತ್ರ. ಋತುಮಾನದ ಹಾಸ್ಟೆಲ್ ಅಂತ ಸಮಗ್ರ ಶಿಕ್ಷಣದಲ್ಲಿ ಇದೆ. ಆದರೆ ಗುಳೆ ಹೋಗುವವರ ಪಟ್ಟಿಯನ್ನು ಶಾಲೆಯಿಂದ ಮೊದಲೇ ಕಳಿಸಿರಬೇಕು. ಈ ಸಲ ಗಣಪತಿ ಹಬ್ಬಕ್ಕೆ ಮೊದಲೇ, ಅಂದರೆ ಮುಂಗಡ ಹಂಚುವ ಹೊತ್ತಿಗೇ, ಮನೆಮನೆ ತಿರುಗಿ ಪಟ್ಟಿ ಮಾಡೋಣ ಅಂತ ನಮ್ಮ ಶಾಲಾ ಸಮಿತಿ ಎಸ್‌ಡಿಎಂಸಿಯವರ ಜೊತೆ ಮಾತಾಡಿದ್ದೇನೆ. ಯಾರು ಮುಂಗಡ ತಗೊಂಡರು ಅನ್ನೋದು ಊರಿಗೆಲ್ಲಾ ಗೊತ್ತಿರುತ್ತದೆ.

ಬೀಳಗಿ ಕಾಕಾ

ಈಗಷ್ಟೇ ಸೇರಿದೆ, ಒಂದು ಅರ್ಜೆಂಟ್ ಪ್ರಶ್ನೆ. ನನ್ನ ತಮ್ಮನ ಮಗನಿಗೆ 13 ವರ್ಷ. ಆರರ ಮಧ್ಯದಲ್ಲಿ ಬಿಟ್ಟು ಗೋವಾಕ್ಕೆ ಹೋಗಿದ್ದ, ಬಿಲ್ಡಿಂಗ್ ಕೆಲಸಕ್ಕೆ. ಈಗ ವಾಪಸ್ ಬಂದಿದ್ದಾನೆ, ಓದುತ್ತೇನೆ ಅಂತಾನೆ. ಶಾಲೆಗೆ ಕೇಳಿದರೆ ಟಿಸಿ ತನ್ನಿ, ಇಲ್ಲಾಂದರೆ ಮುಂದಿನ ಜೂನ್‌ಗೆ ಬನ್ನಿ, ಆರಕ್ಕೇ ಹಾಕುತ್ತೇವೆ ಅಂದರು. ಸಣ್ಣ ಹುಡುಗರ ಜೊತೆ ಕೂರೋಲ್ಲ ಅಂತ ಇವನು. ಏನು ಮಾಡಲಿ?

ಕೋರ್ಟ್ ಸರ್ಕಲ್

ಕಾಕಾ, ಜೂನ್ ತನಕ ಕಾಯಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದೆ ಬಿದ್ದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. 13 ಅಂದರೆ ಎಂಟನೇ ತರಗತಿ. ಅವನಿಗೆ 14 ದಾಟಿದರೂ ಎಂಟು ಮುಗಿಯುವ ತನಕ ಪುಕ್ಕಟೆ ಓದುವ ಹಕ್ಕು ಇರುತ್ತದೆ. ಟಿಸಿ ತಡವಾಯಿತು ಅಂತ ಸೇರಿಸದೆ ಇರುವಂತಿಲ್ಲ, ಅದು ಸೆಕ್ಷನ್ 5. ವಯಸ್ಸಿನ ದಾಖಲೆ ಇಲ್ಲ ಅಂತಲೂ ನಿರಾಕರಿಸುವಂತಿಲ್ಲ, ಸೆಕ್ಷನ್ 14. ವರ್ಷದ ಮಧ್ಯದಲ್ಲಿ ಬಂದರೂ ಸೇರಿಸಿಕೊಳ್ಳಬೇಕು, ಸೆಕ್ಷನ್ 15. ಇದಿಷ್ಟನ್ನೂ ಒಂದು ಹಾಳೆಯಲ್ಲಿ ಅರ್ಜಿ ಥರ ಬರೆದು ಹೆಡ್‌ಮಾಸ್ಟರಿಗೆ ಕೊಡಿ, ಇನ್ನೊಂದು ಪ್ರತಿಯ ಮೇಲೆ ಸಹಿ, ಸೀಲು ಹಾಕಿಸಿಕೊಳ್ಳಿ. ಆಗಲಿಲ್ಲ ಅಂದರೆ ಅದೇ ಪ್ರತಿ ಬಿಇಒ ಕಚೇರಿಗೆ.

ತಾಂಡಾದವ

ಕಾಕಾ, ಕಾನೂನು ಸರಿ, ಎಂಟಕ್ಕೇ ಸೇರಿಸಿ. ಆದರೆ ಆ ವಿಶೇಷ ತರಬೇತಿಯನ್ನು ಬಿಡದೆ ಕೇಳಿ ತಗೊಳ್ಳಿ. ಅದಿಲ್ಲದೆ ಕೂರಿಸಿದರೆ ದೀಪಾವಳಿಗೆ ಮತ್ತೆ ಗೋವಾ ಬಸ್ಸು ಹತ್ತುತ್ತಾನೆ. ಕನ್ನಡ ಓದೋಕೆ ಬರುತ್ತದಾ ಅವನಿಗೆ?

ಬೀಳಗಿ ಕಾಕಾ

ಬಸ್ಸಿನ ಬೋರ್ಡು ಓದುತ್ತಾನೆ. ಪುಸ್ತಕ ಕೊಟ್ಟು ನೋಡಿಲ್ಲ. ಸಂಜೆ ಕೂರಿಸಿ ನೋಡಿ ಬರೆಯುತ್ತೇನೆ.

ಕೃಷ್ಣಾತೀರದ ಮೇಷ್ಟ್ರು

ಕಾಕಾ, ನಾಲ್ಕನೇ ತರಗತಿಯ ಕನ್ನಡ ಪುಸ್ತಕದಿಂದ ಶುರು ಮಾಡಿ, ಎಂಟರದ್ದು ಈಗಲೇ ಕೊಡಬೇಡಿ. ಲೆಕ್ಕದಲ್ಲಿ ಭಾಗಾಕಾರ ಬರುತ್ತದಾ ಅಂತಲೂ ನೋಡಿ. ಗೋವಾದಲ್ಲಿ ಕೂಲಿ ಹಂಚಿಕೊಂಡಿದ್ದರೆ ಬಂದೇ ಬರುತ್ತದೆ, ಹಾಳೆಯ ಮೇಲೆ ಬರೆಯೋದು ಗೊತ್ತಿರೋಲ್ಲ ಅಷ್ಟೆ. ಬೀಳಗಿ ಕಡೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ, ನನಗೆ ಗೊತ್ತಿರುವ ಸಿಆರ್‌ಪಿ ಒಬ್ಬರಿದ್ದಾರೆ, ನಿಮ್ಮ ಇನ್‌ಬಾಕ್ಸ್ ನೋಡಿ.